ಎರಡರಿಂದ ಹತ್ತು ಡಿಗ್ರಿ

ತಂಗಿ ಈಚೆಗೆ ಚಹಾದಲ್ಲಿ ಜಿಪುಣಿಯಾಗಿದ್ದಾಳೆ ಎಂಬುದು ಅಕ್ಕನ ದೊಡ್ಡ ದೂರು. ಲೋಟವೇನೋ ದೊಡ್ಡದೇ, ಪಾತ್ರೆಯಲ್ಲಿ ಚಹಾ ಕೂಡ ಬೇಕಾದಷ್ಟಿರುತ್ತದೆ. ಆದರೂ ಅಕ್ಕನ ಮುಂದೆ ಬಂದು ಕೂರುವುದು ಅರ್ಧ ಲೋಟ. ಕೇಳಿದರೆ, "ಆರಿ ಹೋಗುತ್ತೆ ಕಣೇ, ಮೊದಲು ಇಷ್ಟು ಕುಡಿ, ಆಮೇಲೆ ಕೊಡ್ತೀನಿ" ಎಂಬ ಉತ್ತರ ತಯಾರಾಗಿರುತ್ತದೆ. ಮೂವತ್ತು ವರ್ಷ ಆರೋಗ್ಯ ಕೇಂದ್ರದ ಲಸಿಕೆ ಉಗ್ರಾಣ ನೋಡಿಕೊಂಡ ನರ್ಸಮ್ಮನಿಗೆ ಎಲ್ಲವನ್ನೂ ಅಳೆದು ಸುರಿದು ಕೊಡುವ ಚಾಳಿ ಅಂಟಿಕೊಂಡಿದೆ, ಈ ವಯಸ್ಸಿನಲ್ಲಿ ತಿದ್ದುವುದಾದರೂ ಹೇಗೆ ಎಂದುಕೊಂಡು ಅಕ್ಕ ಸುಮ್ಮನಾಗಿದ್ದಳು.

ಸುಮ್ಮನಾಗುವುದು ಅಕ್ಕನ ಸ್ವಭಾವವಲ್ಲ. ಆದರೆ ಈ ವರ್ಷ ಅವಳು ಹಲವು ವಿಷಯಗಳಲ್ಲಿ ಸುಮ್ಮನಾಗುತ್ತ ಬಂದಿದ್ದಳು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ತಂತಿ ಬೆಸೆದವಳು ಅವಳು. ನಿವೃತ್ತಿಯಾದ ಮಾರನೆಯ ದಿನವೇ ಮಲಗುವ ಕೋಣೆಯ ಕಿಟಕಿಯ ಪಕ್ಕ ಒಂದು ಮೇಜು ಹಾಕಿಸಿಕೊಂಡು, ಮೇಲೊಂದು ಕತ್ತು ಬಗ್ಗುವ ದೀಪ, ಅದರ ಪಕ್ಕ ಭೂತಗನ್ನಡಿ ಇಟ್ಟು, ಇನ್ನು ಮೇಲೆ ನನ್ನಿಷ್ಟದ ಕೆಲಸ ಎಂದು ಕೂತಳು. ಶನಿವಾರ ಶನಿವಾರ ಗ್ರಂಥಾಲಯದ ಮಹಡಿಯ ಮೇಲೆ, ರೇಡಿಯೊ, ಗಡಿಯಾರ ಎಂದು ಮನೆಯಲ್ಲೇ ಬೆಸೆದು ಮಾಡುವ ಇಂಥದೇ ಹುಚ್ಚಿನವರ ಒಂದು ಕೂಟ ಸೇರುತ್ತಿತ್ತು: ಒಬ್ಬ ಅಂಚೆಯವನು, ಒಬ್ಬ ದಂತವೈದ್ಯೆ, ಇಬ್ಬರು ಮೇಷ್ಟ್ರುಗಳು. ಅಲ್ಲಿ ಯಾರಾದರೂ ಚೆನ್ನಾಗಿ ಬೆಸೆದರೆ, "ಅಕ್ಕನ ಬೆಸುಗೆಯ ಹಾಗಿದೆ" ಎನ್ನುವುದು ರೂಢಿ. ಅಷ್ಟು ಹೆಸರು. ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ತಾವೇ ಮಾಡಿದ ಒಂದು ಹೊಸ ವಸ್ತುವನ್ನು ಅಲ್ಲಿ ತೋರಿಸಬೇಕು. ಅದು ಬರುವ ಶನಿವಾರಕ್ಕೆ ನಿಗದಿಯಾಗಿತ್ತು.

ಅಂಥ ಅಕ್ಕನಿಗೆ ಕೈಯೇ ಕೈಕೊಟ್ಟಿತ್ತು. ಬಲಗೈ ಬೆರಳುಗಳಲ್ಲಿ ಮೊದಲು ಸಣ್ಣ ಕಂಪನ, ಆಮೇಲೆ ಮಣಿಕಟ್ಟಿನವರೆಗೆ. ಕಾದ ಬೆಸುಗೆ ಕಡ್ಡಿ ಹಿಡಿದು ಸಾಸಿವೆಗಿಂತ ಚಿಕ್ಕ ಭಾಗದ ತುದಿಯನ್ನು ಮುಟ್ಟಲು ಹೋದರೆ, ಕಡ್ಡಿ ಪಕ್ಕದ ಮೂರನ್ನು ಮುಟ್ಟಿ ಬರುತ್ತಿತ್ತು. ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಕೂಟಕ್ಕೆ ಮಂಡಿನೋವು ಎಂದು ಹೇಳಿ ಕಳಿಸಿದಳು, ತಂಗಿಯ ಹತ್ತಿರ ನನಗೇ ಯಾಕೋ ಬೇಜಾರು ಎಂದಳು. ನರ್ಸಾಗಿದ್ದವಳಿಗೆ ಗೊತ್ತಾದರೆ ಆಸ್ಪತ್ರೆ, ಪರೀಕ್ಷೆ, "ನೀನು ಕೂತ್ಕೋ, ನಾನು ಮಾಡ್ತೀನಿ" ಶುರುವಾಗುತ್ತದೆ. ಅದೊಂದು ಮಾತನ್ನು ಕೇಳಲು ಅವಳು ಸಿದ್ಧಳಿರಲಿಲ್ಲ.

ದಾರಿ ತೋರಿಸಿದವನು ಬಿಡಿಭಾಗಗಳ ಅಂಗಡಿಯವನು, ಅದೂ ತನಗೇ ಅರಿವಿಲ್ಲದೆ. ಬೆಂಕಿಪೊಟ್ಟಣದಷ್ಟು ಚಿಕ್ಕ ರೇಡಿಯೊ ಒಂದನ್ನು ಮಾಡಬೇಕು, ಅದರ ಭಾಗಗಳು ಬೇಕು ಎಂದು ಅಕ್ಕ ಕೇಳಿದಾಗ, ಇಷ್ಟು ಚಿಕ್ಕವನ್ನು ಕಡ್ಡಿಯಲ್ಲಿ ಬೆಸೆಯುವವರು ಈಗ ಯಾರಿದ್ದಾರೆ ಎಂದು ಅವನು ನಕ್ಕ. "ಬೆಸುಗೆ ಪೇಸ್ಟ್ ತಗೊಳ್ಳಿ ಮೇಡಂ. ಟೂತ್‌ಪೇಸ್ಟಿನ ಹಾಗೇ ಇರುತ್ತೆ, ಒಳಗೆ ತವರದ ಪುಡಿ. ಸರ್ಕ್ಯೂಟ್ ಹಲಗೆ ಮೇಲೆ ತೂತಿನ ತಗಡು ಇಟ್ಟು ಸವರೋದು, ಮೇಲೆ ಭಾಗ ಜೋಡಿಸೋದು, ಕೆಳಗಿಂದ ಬಿಸಿ ಕೊಡೋದು. ಚೂರು ಓರೆಯಾಗಿ ಇಟ್ರೂ ಯೋಚನೆ ಇಲ್ಲ. ಪೇಸ್ಟ್ ಕರಗಿದ್ದೇ ತಡ, ಅದೇ ಎಳ್ಕೊಂಡು ಸರಿಯಾದ ಜಾಗಕ್ಕೆ ಕೂರಿಸ್ಕೊಳ್ಳುತ್ತೆ."

"ಚೂರು ಓರೆ ಅಂದ್ರೆ ಎಷ್ಟು ಓರೆ?" ಎಂದಳು ಅಕ್ಕ, ತೀರ ಸಾಧಾರಣವಾದ ದನಿಯಲ್ಲಿ.

"ಕೈ ನಡುಗಿ ಸರಿದ್ರೆ ಎಷ್ಟು ಸರಿಯುತ್ತೋ, ಅಷ್ಟು."

ಅಕ್ಕ ಬಲಗೈಯನ್ನು ಸೆರಗಿನೊಳಗೆ ಸರಿಸಿದಳು. ಆದರೆ ಅಂಗಡಿಯವನು ಆಗಲೇ ಗಾಜಿನ ಕಪಾಟಿನ ಕಡೆ ತಿರುಗಿದ್ದ. ಬಿಸಿಲು ಬೀಳುವ ಜಾಗದಲ್ಲಿದ್ದ ಒಂದು ಡಬ್ಬಿಯನ್ನು ಎತ್ತಿಕೊಟ್ಟ. ಅಕ್ಕ ತಾರೀಖು ಎಲ್ಲಿದೆ ಎಂದು ಕೇಳಿದಳು. ಅವನು ಹೆಬ್ಬೆರಳಲ್ಲಿ ಧೂಳು ಒರೆಸಿ, ಅದು ಹೋದ ವರ್ಷವೇ ಮುಗಿದಿದೆ ಎಂದು ಗೊತ್ತಾದ ಮೇಲೆ ತಲೆ ಕೆರೆದುಕೊಂಡು, ಹೊಸದು ಒಳಗೆ ಫ್ರಿಜ್ಜಿನಲ್ಲಿದೆ, ನೀವೂ ಮನೆಯಲ್ಲಿ ಫ್ರಿಜ್ಜಿನಲ್ಲೇ ಇಡಬೇಕು ಎಂದು ಒಂದು ಸೂಚನೆಯ ಚೀಟಿ ಕೊಟ್ಟ. ಅಲ್ಲಿಗೆ ಅಕ್ಕನ ಉತ್ಸಾಹ ಅರ್ಧ ಇಳಿಯಿತು. ಮನೆಯ ಫ್ರಿಜ್ ತಂಗಿಯ ರಾಜ್ಯ. ಅಲ್ಲಿ ಅವಳ ಅಪ್ಪಣೆಯಿಲ್ಲದೆ ಒಂದು ನಿಂಬೆಹಣ್ಣೂ ಹಲಗೆ ಬದಲಿಸುವಂತಿಲ್ಲ.

ಮನೆಗೆ ಬಂದು ವಿಷಯ ತೆಗೆದಾಗ ತಂಗಿ ಮೂಗು ಮುರಿದಳು. "ತವರದ ಪುಡಿಯಾ? ಹಾಲು ಮೊಸರಿನ ಪಕ್ಕದಲ್ಲಾ? ನಿನಗೆ ತಲೆ ಕೆಟ್ಟಿದ್ಯಾ ಅಕ್ಕ? ಇಷ್ಟು ವರ್ಷ ತಂತಿಯಲ್ಲೇ ಬೆಸೆದವಳಿಗೆ ಈಗ ಇದೇನು ಹೊಸ ಶೋಕಿ?"

"ಹೊಸದು ಕಲೀಬಾರದಾ?"

"ಕಲಿ. ಆದರೆ ಫ್ರಿಜ್ಜಿಗೆ ಬರೋದು ಬೇಡ." ಅಷ್ಟು ಹೇಳಿ ಅವಳು ಕನ್ನಡಕ ಏರಿಸಿ ಚೀಟಿಯನ್ನು ಓದತೊಡಗಿದಳು. ಓದುತ್ತ ಓದುತ್ತ ಅವಳ ಹುಬ್ಬಿನ ಗಂಟು ಸಡಿಲವಾಯಿತು. "ಎರಡರಿಂದ ಹತ್ತು ಡಿಗ್ರಿ. ಹೆಪ್ಪುಗಟ್ಟಿಸಬಾರದು. ತಾರೀಖು ಮೀರಿದ್ದನ್ನು ಬಳಸಬಾರದು. ಹೊರಗೆ ತೆಗೆದು ನಾಲ್ಕು ಗಂಟೆ ಬಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೇ ಮುಚ್ಚಳ ತೆರೆಯಬೇಕು." ಚೀಟಿಯಿಂದ ತಲೆಯೆತ್ತಿದಾಗ ಅವಳ ಮುಖ, ಹಳೆಯ ಸಹೋದ್ಯೋಗಿ ಬಾಗಿಲಲ್ಲಿ ಬಂದು ನಿಂತಂತೆ ಅರಳಿತ್ತು. "ಇದು ಲಸಿಕೆ ಕಣೇ ಅಕ್ಕ! ಹೆಚ್ಚುಕಮ್ಮಿ ಲಸಿಕೆಯೇ! ಹೇಗೆ ತರ್ತೀಯ ಇದನ್ನ?"

"ಹೇಗೆ ಅಂದ್ರೆ? ಕೈಚೀಲದಲ್ಲಿ, ಬಸ್ಸಲ್ಲಿ."

"ಕೈಚೀಲದಲ್ಲಿ!" ತಂಗಿ ಹಣೆ ಚಚ್ಚಿಕೊಂಡಳು.

ಮರುದಿನ ಅಟ್ಟದಿಂದ ಅವಳ ಹಳೆಯ ಲಸಿಕೆ ಪೆಟ್ಟಿಗೆ ಇಳಿಯಿತು. ದಪ್ಪ ಗೋಡೆಯ, ನೀಲಿ ಬಣ್ಣದ, ಹೆಗಲಿಗೆ ಪಟ್ಟಿಯಿದ್ದ ಪೆಟ್ಟಿಗೆ. ಕೆಲಸ ಬಿಟ್ಟ ದಿನ ಉಗ್ರಾಣದವರು ನೆನಪಿಗೆಂದು ಕೊಟ್ಟದ್ದು. ನೀರು ತುಂಬಿ ಹೆಪ್ಪುಗಟ್ಟಿಸಿದ ಐಸ್ ಪ್ಯಾಕುಗಳನ್ನು ನೇರವಾಗಿ ಒಳಗಿಟ್ಟರೆ ಪೇಸ್ಟ್ ಹೆಪ್ಪುಗಟ್ಟುತ್ತದೆಂದು ಅವುಗಳನ್ನು ಅರ್ಧ ಗಂಟೆ ಹೊರಗಿಟ್ಟು, ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಜೋಡಿಸಿದಳು. ಅಕ್ಕ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಟೂತ್‌ಪೇಸ್ಟ್ ತರಲು ಹೊರಟವರಿಗೆ ಇಷ್ಟೊಂದು ಮೆರವಣಿಗೆಯೇ ಎಂದು ಅವಳಿಗೆ ನಗು.

ಅಂಗಡಿಯಲ್ಲಿ ತಂಗಿ ಅಂಗಡಿಯವನ ಬೆವರಿಳಿಸಿದಳು. ಅವನ ಒಳಕೋಣೆಯ ಪುಟ್ಟ ಫ್ರಿಜ್ಜಿನಲ್ಲಿ ತಂಪು ಪಾನೀಯದ ಬಾಟಲಿಗಳ ಸಂದಿಯಲ್ಲಿ ಪೇಸ್ಟಿನ ಸಿರಿಂಜುಗಳು ಮಲಗಿದ್ದವು. "ಥರ್ಮಾಮೀಟರ್ ಎಲ್ಲಿ?" ಎಂಬುದು ಅವಳ ಮೊದಲ ಪ್ರಶ್ನೆ. "ಕರೆಂಟ್ ಹೋದ್ರೆ ಎಷ್ಟು ಹೊತ್ತು ತಡೆಯುತ್ತೆ? ದಿನಕ್ಕೆ ಎಷ್ಟು ಸಲ ಬಾಗಿಲು ತೆಗೀತೀರಿ?"

"ಬಾಯಾರಿದಾಗೆಲ್ಲ ತೆಗೀತೀನಿ ಮೇಡಂ" ಎಂದ ಅವನು, ಪಾಪ, ಸತ್ಯವನ್ನೇ.

ಕೊನೆಗೆ ಸೀಸವಿಲ್ಲದ, ಕಡಿಮೆ ಬಿಸಿಗೆ ಕರಗುವ, ಹೋದ ವಾರವಷ್ಟೇ ಬಂದ ಎರಡು ಸಿರಿಂಜುಗಳನ್ನು ತಂಗಿಯೇ ಆರಿಸಿದಳು. ಒಂದು ಸಾಕು ಎಂದಳು ಅಕ್ಕ. ಉಗ್ರಾಣದಲ್ಲಿ ಒಂದೇ ಒಂದು ಇದ್ದರೆ ಅದು ಇಲ್ಲದ ಹಾಗೆಯೇ ಎಂದಳು ತಂಗಿ. ಚಿಕ್ಕ ಭಾಗಗಳು ಉದುರಿ ಕಳೆದುಹೋಗುತ್ತವೆಂದು ಅಕ್ಕ ಅವನ್ನೂ, ಸರ್ಕ್ಯೂಟ್ ಹಲಗೆಯನ್ನೂ ಎರಡೆರಡು ಜೊತೆ ಕೊಂಡಳು.

ಮನೆಯಲ್ಲಿ ಸಿರಿಂಜುಗಳಿಗೆ ಒಂದು, ಎರಡು ಎಂದು ನಂಬರು ಬಿತ್ತು. ಬಿಗಿ ಮುಚ್ಚಳದ ಡಬ್ಬಿ, ಅದರ ಮೇಲೆ ಕೆಂಪಕ್ಷರದಲ್ಲಿ 'ತಿನ್ನುವುದಲ್ಲ' ಎಂಬ ಚೀಟಿ, ಮೂತಿ ಕೆಳಗಾಗಿ ನಿಲ್ಲಿಸಲು ಒಳಗೊಂದು ರಟ್ಟಿನ ಗೂಡು. ಡಬ್ಬಿಯ ಜಾಗ ಎರಡನೇ ಹಲಗೆ: ಮೇಲಿಟ್ಟರೆ ಐಸಿನ ಪೆಟ್ಟಿಗೆ ಹತ್ತಿರ, ಬಾಗಿಲಲ್ಲಿಟ್ಟರೆ ಬಿಸಿಗಾಳಿ. ಫ್ರಿಜ್ಜಿನ ಪಕ್ಕದ ಮೊಳೆಗೆ ಒಂದು ನೋಟುಪುಸ್ತಕ ನೇತಾಡತೊಡಗಿತು. ಬೆಳಿಗ್ಗೆ ಒಂಬತ್ತೂವರೆ, ಸಂಜೆ ಆರು. ಎಷ್ಟು ಡಿಗ್ರಿ, ಎಷ್ಟು ಸಿರಿಂಜು ಒಳಗೆ, ಸಹಿ. ತಂಗಿ ಇಷ್ಟು ಖುಷಿಯಾಗಿದ್ದದ್ದನ್ನು ಅಕ್ಕ ಬಹಳ ದಿನದಿಂದ ನೋಡಿರಲಿಲ್ಲ.

"ಒಂದು ಹೊತ್ತು ನೀನೂ ಬರಿ ಅಕ್ಕ. ಸಾಮಾನು ನಿಂದು."

"ನೀನೇ ಗೀಚ್ಕೋ ಹೋಗು. ನಾನೇನು ನಿನ್ನ ಕೈಕೆಳಗಿನವಳಾ?" ಎಂದು ಅಕ್ಕ ಜಾರಿಕೊಂಡಳು. ಅವಳ ಸಹಿ ಈಗ ಅವಳ ಸಹಿಯ ಹಾಗೆ ಇರಲಿಲ್ಲ. ಅದಕ್ಕೇ ಅವಳು ಬ್ಯಾಂಕಿಗೆ ಹೋಗುವುದನ್ನೂ ಮುಂದೂಡುತ್ತ ಬಂದಿದ್ದಳು.

ಮನಸ್ಸಿನಲ್ಲಿ ಅವಳೊಂದು ತೀರ್ಮಾನಕ್ಕೆ ಬಂದಿದ್ದಳು. ಇದೊಂದು ಸಲ ನೋಡುವುದು. ಪೇಸ್ಟಿನಲ್ಲೂ ಆಗಲಿಲ್ಲವೋ, ಮೇಜು, ದೀಪ, ಭೂತಗನ್ನಡಿ ಎಲ್ಲವನ್ನೂ ಶನಿವಾರ ಕೂಟಕ್ಕೆ ಕೊಟ್ಟು ಕೈತೊಳೆದುಕೊಳ್ಳುವುದು. ಆ ಪರೀಕ್ಷೆಗೆ ಸಾಕ್ಷಿ ಯಾರೂ ಬೇಡ.

ಬುಧವಾರ ತಂಗಿ ಆರೋಗ್ಯ ಕೇಂದ್ರಕ್ಕೆ ಹೊಸ ನರ್ಸುಗಳಿಗೆ ಪಾಠ ಹೇಳಲು ಹೋಗುವ ದಿನ. ಹತ್ತಕ್ಕೆ ಹೋದರೆ ಒಂದಕ್ಕೆ ವಾಪಸು. ನಾಲ್ಕು ಗಂಟೆ ಹೊರಗಿಡಬೇಕೆಂದರೆ ಬೆಳಿಗ್ಗೆ ಆರಕ್ಕೇ ಸಿರಿಂಜ್ ತೆಗೆಯಬೇಕು. ತೆಗೆದರೆ ತಂಗಿ ನೋಡುತ್ತಾಳೆ, ನೋಡಿದರೆ ರಜೆ ಹಾಕಿ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಅದಕ್ಕೇ ಅಕ್ಕ ಮೆಟ್ಟಿಲ ಮೇಲೆ ತಂಗಿಯ ಹೆಜ್ಜೆಯ ಸದ್ದು ಕರಗುವವರೆಗೆ ಕಾದು, ನಂಬರ್ ಒಂದನ್ನು ಹೊರಗೆ ತೆಗೆದಳು. ನಾಲ್ಕು ಗಂಟೆಯಂತೆ. ಚೀಟಿ ಬರೆಯುವವರು ಯಾವಾಗಲೂ ಒಂದು ಕೈ ಜಾಸ್ತಿಯೇ ಬರೆಯುತ್ತಾರೆ. ಅಂಗೈಗಳ ನಡುವೆ ಹತ್ತು ನಿಮಿಷ ಹೊರಳಿಸಿದಳು. ಮೇಲೆ ಬೆವರಿನಂತೆ ಮೂಡಿದ ನೀರನ್ನು ಸೆರಗಿನಲ್ಲಿ ಒರೆಸಿ, ಮುಚ್ಚಳ ತಿರುಗಿಸಿದಳು.

ತಗಡಿನ ಮೇಲೆ ಪೇಸ್ಟ್ ಸವರಿದ್ದಾಯಿತು. ತಗಡು ಎತ್ತಿದಾಗ ಸರ್ಕ್ಯೂಟ್ ಹಲಗೆಯ ಮೇಲೆ ಬೂದು ಬಣ್ಣದ ಪುಟ್ಟ ಪುಟ್ಟ ಚೌಕಗಳು ಉಳಿದವು. ಆಮೇಲೆ ಭಾಗಗಳು, ಒಟ್ಟು ಮೂವತ್ತೊಂದು. ಚಿಮಟದಲ್ಲಿ ಒಂದೊಂದನ್ನೇ ಹಿಡಿದು, ಉಸಿರು ಬಿಗಿಹಿಡಿದು ಇಳಿಸಿದಳು. ನಾಲ್ಕು ಉದುರಿಹೋದವು, ಹುಡುಕಿ ತಂದಳು. ಕೆಲವು ಓರೆ, ಕೆಲವು ಇನ್ನೂ ಓರೆ. ಪರವಾಗಿಲ್ಲ, ಎಳ್ಕೊಂಡು ಕೂರಿಸ್ಕೊಳ್ಳುತ್ತೆ ಅಂದಿದ್ದಾನಲ್ಲ. ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಎರಡು ಇಟ್ಟಿಗೆಯ ನಡುವೆ ಮಗುಚಿ ನಿಲ್ಲಿಸಿ, ಅದರ ಕಾಯುವ ತಳದ ಮೇಲೆ ಹಲಗೆ ಇಟ್ಟು, ಸ್ವಿಚ್ ಹಾಕಿದಳು.

ಎರಡು ನಿಮಿಷ ಏನೂ ಆಗಲಿಲ್ಲ. ಮೂರನೆಯ ನಿಮಿಷಕ್ಕೆ, ಬಿಸಿ ಎಣ್ಣೆಗೆ ನೀರು ಬಿದ್ದಂತೆ ಪಟಪಟ ಸಿಡಿಯಿತು. ಭೂತಗನ್ನಡಿ ಎಳೆದುಕೊಂಡು ನೋಡಿದರೆ ಹಲಗೆಯ ತುಂಬ ತವರದ ಗುಂಡುಗಳು ಉರುಳಾಡಿ ನಿಂತಿದ್ದವು. ಒಂದು ಭಾಗ ಒಂಟಿಕಾಲಲ್ಲಿ ಎದ್ದು ನಿಂತಿತ್ತು, ಇನ್ನೊಂದು ಜಾಗ ಬಿಟ್ಟು ಮಾರುದೂರ ಹೋಗಿತ್ತು, ಐದಾರು ಒಂದಕ್ಕೊಂದು ಅಂಟಿಕೊಂಡಿದ್ದವು.

ಅಕ್ಕ ಸ್ವಿಚ್ ಆರಿಸಿದಳು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡುತ್ತ ಕೂತಳು. ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಮುಗಿಯಿತು ಅನ್ನಿಸಿತು, ಅಷ್ಟೇ. ನಡುಗುವ ಕೈಯನ್ನು ಕ್ಷಮಿಸುವ ಪೇಸ್ಟ್ ಕೂಡ ಈ ಕೈಯನ್ನು ಕ್ಷಮಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಮಂಚದ ಕೆಳಗಿನಿಂದ ರಟ್ಟಿನ ಪೆಟ್ಟಿಗೆ ಎಳೆದು, ಇಕ್ಕಳ, ಚಿಮಟ, ತಂತಿಯ ಉರುಳೆಗಳನ್ನು ಒಂದೊಂದಾಗಿ ತುಂಬತೊಡಗಿದಳು.

ತಂಗಿ ಬಂದಾಗ ಮೇಜು ಬರಿದಾಗಿತ್ತು. ದೀಪ ಕೂಡ ಪೆಟ್ಟಿಗೆಯಿಂದ ಕತ್ತು ಹೊರಗೆ ಹಾಕಿಕೊಂಡಿತ್ತು.

"ಏನೇ ಇದು? ಮನೆ ಖಾಲಿ ಮಾಡ್ತಿದ್ದೀವಾ?"

"ಸಾಕಾಯ್ತು. ಶನಿವಾರ ಕೂಟಕ್ಕೆ ಕೊಟ್ಟುಬಿಡ್ತೀನಿ. ಬೇರೆಯವರಿಗಾದ್ರೂ ಉಪಯೋಗವಾಗಲಿ."

ತಂಗಿ ಮೊದಲು ಇಸ್ತ್ರಿಪೆಟ್ಟಿಗೆಯ ಮೇಲಿನ ಹಲಗೆ ನೋಡಿದಳು. ಕಸದ ಬುಟ್ಟಿಯಿಂದ ನಂಬರ್ ಒಂದನ್ನು ಎತ್ತಿದಳು. ಅದರ ಚೀಟಿ ನೆನೆದು, ಒಂದು ಅಂಚು ಎದ್ದಿತ್ತು. ಅವಳೇ ಬರೆದಿದ್ದ ನಂಬರಿನ ಶಾಯಿ ಇಳಿದಿತ್ತು. ಆಮೇಲೆ ಅಡುಗೆಮನೆಗೆ ಹೋಗಿ ನೋಟುಪುಸ್ತಕ ಬಿಚ್ಚಿಕೊಂಡು ಬಂದಳು.

"ಒಂಬತ್ತೂವರೆ. ಐದು ಡಿಗ್ರಿ. ಎರಡೂ ಒಳಗೆ. ನಾನೇ ಬರೆದಿದ್ದೀನಿ. ಈಗ ಒಂದು ಗಂಟೆ ಹತ್ತು ನಿಮಿಷ. ಇಷ್ಟರಲ್ಲಿ ನೀನು ತೆಗೆದು, ಸವರಿ, ಮೂವತ್ತೊಂದು ಭಾಗ ಜೋಡಿಸಿ, ಸುಟ್ಟು, ಪೆಟ್ಟಿಗೆ ಕಟ್ಟಿಯೂ ಆಗಿದೆ. ನಾಲ್ಕು ಗಂಟೆ ಎಲ್ಲಿ ಹೋಯ್ತು ಅಕ್ಕ? ತಣ್ಣಗಿರೋದನ್ನ ತೆರೆದ್ರೆ ಗಾಳಿಯ ನೀರೆಲ್ಲ ಒಳಗೇ ಕೂರುತ್ತೆ. ಬಿಸಿ ತಾಗಿದ್ರೆ ಸಿಡಿಯದೆ ಇನ್ನೇನು ಮಾಡುತ್ತೆ? ಇದು ನಿನ್ನ ಕೈಯ ತಪ್ಪಲ್ಲ. ಗಡಿಯಾರದ ತಪ್ಪು."

ಅಕ್ಕನ ಕೈಯಲ್ಲಿದ್ದ ಉರುಳೆ ಪೆಟ್ಟಿಗೆಗೆ ಬಿತ್ತು. "ಕೈ ಅಂತ ನಾನೆಲ್ಲಿ ಹೇಳಿದೆ?"

ತಂಗಿ ಮಂಚದ ಅಂಚಿನಲ್ಲಿ ಕೂತಳು.

"ನೀನು ಹೇಳಲಿಲ್ಲ. ಅದೇ ನನ್ನ ಸಂಕಟ. ಬಾಯಿ ಬಿಡ್ತೀಯ, ಬಿಡ್ತೀಯ ಅಂತ ಒಂಬತ್ತು ತಿಂಗಳಿಂದ ಕಾದೆ. ನರ್ಸ್ ಕಣೇ ನಾನು. ಒಂದೇ ಮನೇಲಿದ್ದು ನನಗೆ ಕಾಣಲ್ವಾ? ನಿನಗೆ ಅರ್ಧ ಲೋಟ ಚಹಾ ಯಾಕೆ ಕೊಡ್ತೀನಿ ಅಂದ್ಕೊಂಡೆ?"

ಅಕ್ಕನಿಗೆ ತಟ್ಟನೆ ಏನೂ ಹೊಳೆಯಲಿಲ್ಲ. ಹೊಳೆದಾಗ, ಈ ಒಂಬತ್ತು ತಿಂಗಳಲ್ಲಿ ತನ್ನ ಸೀರೆಯ ಮೇಲೆ ಒಂದು ಹನಿ ಚಹಾ ಕೂಡ ಚೆಲ್ಲಿಲ್ಲವೆಂಬುದು ನೆನಪಾಯಿತು. ಚೆಲ್ಲಿದ್ದರೆ ಎಷ್ಟು ನಾಚಿಕೆಯಾಗುತ್ತಿತ್ತು ಎಂಬುದೂ ನೆನಪಾಯಿತು. ಅವಳು ತಂಗಿಯ ಪಕ್ಕ ಕೂತು, ಮುಚ್ಚಿಡದೆ ಬಲಗೈಯನ್ನು ಮುಂದೆ ಚಾಚಿದಳು. ಬೆರಳುಗಳು ತಮ್ಮ ಪಾಡಿಗೆ ತಾವು ನಡುಗಿದವು. ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಗ ಅಕ್ಕ ಅತ್ತಳು.

"ಸೋಮವಾರ ಡಾಕ್ಟರ ಹತ್ರ ಹೋಗೋಣ" ಎಂದಳು ತಂಗಿ. "ಅದು ಬೇರೆ ವಿಷಯ. ನಾಳೆ ನಂಬರ್ ಎರಡು ಇದೆ."

ಗುರುವಾರ ಬೆಳಿಗ್ಗೆ ಎಂಟಕ್ಕೆ ಸಿರಿಂಜ್ ಹೊರಗೆ ಬಂತು. ಬರಿದಾದ ಮೇಜಿನ ನಡುವೆ, ಮುಚ್ಚಳ ಹಾಕಿದ ಹಾಗೆಯೇ ನಿಂತಿತು. ಅಕ್ಕ ಕೈ ಚಾಚಿದರೆ, "ಮುಟ್ಟಬೇಡ, ತಾನಾಗೇ ಬಿಸಿಯಾಗಲಿ" ಎಂದು ತಂಗಿ ಗದರಿಸಿದಳು. ಇಬ್ಬರೂ ಪತ್ರಿಕೆಯನ್ನು ಹಂಚಿಕೊಂಡು ಓದಿದರು. ತಂಗಿ ಒಂದು ರವಿಕೆಗೆ ಗುಂಡಿ ಹೊಲಿದಳು. ಪೆಟ್ಟಿಗೆಯಿಂದ ಸಾಮಾನು ಒಂದೊಂದಾಗಿ ಮೇಜಿಗೆ ಮರಳಿ ಬಂತು, ದೀಪ ತನ್ನ ಮೂಲೆಯಲ್ಲಿ ಕತ್ತು ಬಗ್ಗಿಸಿತು. ಕಿಟಕಿಯ ಬಿಸಿಲು ನೆಲದ ಮೇಲೆ ಒಂದು ಹಾಸುಗಲ್ಲಿನಿಂದ ಇನ್ನೊಂದಕ್ಕೆ ಸರಿಯಿತು. ಕಾಯುವುದು ಇಷ್ಟು ಹಗುರ ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಒಬ್ಬಳೇ ಬಚ್ಚಿಟ್ಟುಕೊಂಡು ಕಾದ ದಿನಗಳು ಹೀಗಿರಲಿಲ್ಲ.

ಹನ್ನೆರಡು ಹೊಡೆಯಿತು. ಸಿರಿಂಜಿನ ಮೈ ಒಣಗಿತ್ತು. ಎರಡನೆಯ ಹಲಗೆಗೆ ಪೇಸ್ಟ್ ಸವರಿ, ತಗಡು ಎತ್ತಿ, ಅಕ್ಕ ಚಿಮಟ ಹಿಡಿದಳು. ಮೊದಲನೆಯದೇ ಜಾರಿ ಬಿತ್ತು.

"ನಾನು ಇಡಲಾ? ನನ್ನ ಕೈ ಗಟ್ಟಿ ಇದೆ." ಕೇಳಿದ ಕ್ಷಣವೇ ತಂಗಿ ನಾಲಿಗೆ ಕಚ್ಚಿಕೊಂಡಳು.

"ಬೇಡ" ಎಂದಳು ಅಕ್ಕ. ಸಿಟ್ಟಿನಿಂದಲ್ಲ.

ತಂಗಿ ಎದ್ದು ಹೋಗಿ ಒಂದು ಟವೆಲು ತಂದು, ನಾಲ್ಕು ಮಡಿಕೆ ಮಾಡಿ, ಅಕ್ಕನ ಮಣಿಕಟ್ಟಿನ ಕೆಳಗೆ ತಳ್ಳಿದಳು. ಸೂಜಿ ಚುಚ್ಚುವಾಗ ಮಕ್ಕಳ ತೋಳಿನ ಕೆಳಗೆ ಹೀಗೇ ಇಡುತ್ತಿದ್ದಳಂತೆ. ನಡುಕ ನಿಲ್ಲಲಿಲ್ಲ, ಆದರೆ ಅರ್ಧಕ್ಕೆ ಇಳಿಯಿತು. ಮೂವತ್ತೊಂದು ಇಟ್ಟು ಮುಗಿಸಲು ಒಂದೂಕಾಲು ಗಂಟೆ ಬೇಕಾಯಿತು. ಭೂತಗನ್ನಡಿಯಲ್ಲಿ ನೋಡಿದರೆ ಒಂದೂ ನೆಟ್ಟಗಿರಲಿಲ್ಲ.

ಇಸ್ತ್ರಿಪೆಟ್ಟಿಗೆ ಕಾಯತೊಡಗಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಸಿಡಿಯುವ ಸದ್ದಿಗಾಗಿ ಅಕ್ಕ ಹಲ್ಲು ಕಚ್ಚಿಕೊಂಡಿದ್ದಳು. ಸದ್ದು ಬರಲಿಲ್ಲ. ಬೂದು ಚೌಕಗಳು ಮೊದಲು ಮಂಕಾಗಿ ತೇವಗೊಂಡವು, ಆಮೇಲೆ ಒಂದು ಮೂಲೆಯಿಂದ ಶುರುವಾಗಿ ಫಳಫಳ ಬೆಳ್ಳಿಯ ಬಣ್ಣಕ್ಕೆ ತಿರುಗಿದವು. ಬೆಳ್ಳಿಯಾದಲ್ಲೆಲ್ಲ ಭಾಗಗಳು ಅಲುಗಿದವು. ಒಂದು ಓರೆಯಾಗಿದ್ದದ್ದು ಮೆಲ್ಲಗೆ ಹೊರಳಿ ನೆಟ್ಟಗಾಯಿತು. ಅದರ ಪಕ್ಕದ್ದೂ ಆಯಿತು. ಯಾರ ಕೈಯೂ ತಾಗದೆ ಮೂವತ್ತೊಂದೂ ತಮ್ಮ ತಮ್ಮ ಜಾಗಕ್ಕೆ ಸರಿದು ಕೂತವು.

"ಅಯ್ಯೋ, ಕೂತ್ಕೊಳ್ತಿವೆ ನೋಡೇ!" ತಂಗಿ ಅಕ್ಕನ ತೋಳು ಹಿಡಿದು ಅಲುಗಾಡಿಸಿದಳು. ಎಂದೂ ಆಗದಷ್ಟು ಸಂತೋಷವಾಗಿತ್ತು ಅಕ್ಕನಿಗೆ.

ಹಲಗೆ ಆರಿದ ಮೇಲೆ ಬ್ಯಾಟರಿ ಸೇರಿಸಿ, ಕಿವಿಗೆ ಹಾಕುವ ತಂತಿಯನ್ನು ಆಳಿಗೊಂದರಂತೆ ಹಂಚಿಕೊಂಡರು. ಗುಯ್‌ಗುಡುವ ಸದ್ದು, ನಡುವೆ ಚಟಚಟ. ಆಮೇಲೆ ಎಲ್ಲೋ ಯಾರೋ ನಾಳೆಯ ಹವಾಮಾನ ಓದುತ್ತಿದ್ದರು. ಸಾಧಾರಣ ಮೋಡ, ಸಂಜೆ ಗಾಳಿ. ಇಬ್ಬರೂ ಅದನ್ನು ಕೊನೆಯವರೆಗೆ ಕೇಳಿದರು.

"ಶನಿವಾರ ಕೇಳ್ತಾರೆ, ಹೇಗೆ ಮಾಡಿದ್ರಿ ಅಂತ" ಎಂದಳು ತಂಗಿ. "ಏನು ಹೇಳ್ತೀಯ?"

ಅಕ್ಕ ಅಡುಗೆಮನೆಗೆ ಹೋಗಿ, ಮೊಳೆಯಿಂದ ನೋಟುಪುಸ್ತಕ ತೆಗೆದಳು. ಅಲ್ಲೇ ನಿಂತು, ಫ್ರಿಜ್ಜಿನ ಮೈಗೆ ಪುಸ್ತಕ ಒತ್ತಿ ಹಿಡಿದು ಬರೆದಳು. ಅಕ್ಷರಗಳು ಗೆರೆ ಬಿಟ್ಟು ಮೇಲಕ್ಕೂ ಕೆಳಕ್ಕೂ ಹೋದವು, ಅವಳು ತಿದ್ದಲಿಲ್ಲ. 'ನಂಬರ್ ಎರಡು. ಎಂಟಕ್ಕೆ ಹೊರಗೆ, ಹನ್ನೆರಡಕ್ಕೆ ತೆರೆದದ್ದು. ಕೈ ನಡುಗಿತು. ಕೆಲಸ ಆಯಿತು.' ಕೆಳಗೆ ಸಹಿ ಮಾಡಿದಳು, ಈಗಿನ ಸಹಿ.

"ಇದನ್ನೇ ಓದಿ ಹೇಳ್ತೀನಿ."

ತಂಗಿ ಕನ್ನಡಕ ಏರಿಸಿ ಎರಡು ಸಲ ಓದಿದಳು. ಉಗ್ರಾಣದ ಕಾಲದಲ್ಲಿ ಮಾಡುತ್ತಿದ್ದ ಹಾಗೆ, ಅದರ ಕೆಳಗೆ 'ನೋಡಿದೆ' ಎಂದು ಬರೆದು ತನ್ನ ಸಹಿ ಹಾಕಿದಳು. ಆಮೇಲೆ ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟಳು.

ಲೋಟ ಬಂತು, ಅರ್ಧ. ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿದು ಮುಗಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ. ಖಾಲಿ ಲೋಟವನ್ನು ತಂಗಿಯ ಕಡೆ ಚಾಚಿ, "ಇನ್ನರ್ಧ ತಾ" ಎಂದಳು.